ರಾಗಿ ಹಸಿಯುವ ಹೊತ್ತಿಗೆ ಗೊಬ್ಬರ ಬೆಂದಿರಬೇಕು: ಸಾವಯವ ಸಾರಜನಕದ ಪೂರ್ತಿ ಲೆಕ್ಕ

ಕೆಲವು ವರ್ಷದ ಹಿಂದಿನ ಮಾತು. ಬಿತ್ತಿ ಇಪ್ಪತ್ತೆರಡು ದಿನ ಆಗಿತ್ತು, ನಮ್ಮ ರಾಗಿ ಹಳದಿ ತಿರುಗಿತು. ಗೊಬ್ಬರಕ್ಕೇನೂ ಕೊರತೆ ಮಾಡಿರಲಿಲ್ಲ, ಆರು ಟ್ರ್ಯಾಕ್ಟರ್ ಲೋಡು ಹೊಡೆಸಿದ್ದೆ. ಪಕ್ಕದ ಹೊಲದ ಅಣ್ಣ ಬದುವಿನ ಮೇಲೆ ನಿಂತು, "ಏನಪ್ಪಾ, ಇಷ್ಟು ಗೊಬ್ಬರ ತಿಂದೂ ಪೈರು ಹಿಂಗ್ಯಾಕೆ ಸೊರಗೈತೆ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಒಂದು ಗಿಡವನ್ನು ಬುಡಸಮೇತ ಕಿತ್ತು ನೋಡಿದೆ. ಬೇರಿನ ಸುತ್ತ ರಾಗಿ ಹುಲ್ಲಿನ ತುಂಡುಗಳು ಹಾಗೇ ಇದ್ದವು. ಬಣ್ಣ ಕೂಡ ಮಾಸಿರಲಿಲ್ಲ. ಎಳೆದರೆ ಹರಿಯುತ್ತಿರಲಿಲ್ಲ. ಅವುಗಳ ಮೇಲೆ ಬಿಳಿ ಬೂಷ್ಟಿನ ಎಳೆಗಳು ಹೆಣೆದುಕೊಂಡಿದ್ದವು. ದನ ತಿಂದು ಬಿಟ್ಟ ಹುಲ್ಲನ್ನೆಲ್ಲ ತಿಪ್ಪೆಗೆ ತಳ್ಳಿ, ಮೂರೇ ತಿಂಗಳಿಗೆ ಅಗೆದು ಹೊಲಕ್ಕೆ ಹಾಕಿದ್ದೆ. ಗೊಬ್ಬರ ಅಂದುಕೊಂಡು ಕಸ ಹಾಕಿದ್ದೆ. ಆ ಹುಲ್ಲನ್ನು ಕೊಳೆಸಲು ಮಣ್ಣಿನ ಸೂಕ್ಷ್ಮಜೀವಿಗಳಿಗೂ ಸಾರಜನಕ ಬೇಕು. ಹುಲ್ಲಿನಲ್ಲಿ ಅದು ಕಡಿಮೆ. ಹಾಗಾಗಿ ಮಣ್ಣಿನಲ್ಲಿದ್ದದ್ದನ್ನೇ ಅವು ಎಳೆದುಕೊಂಡವು, ಪೈರಿನ ಪಾಲು ಹೋಯಿತು.

ಮುಂದೆ ಬರೆದಿರುವುದೆಲ್ಲ ಆ ಪೆಟ್ಟು ತಿಂದ ಮೇಲೆ ಕಲಿತದ್ದು. ಖುಷ್ಕಿ ರಾಗಿಯನ್ನು, ಅಂದರೆ ಮಳೆ ನೆಚ್ಚಿ ಬೆಳೆಯುವ ರಾಗಿಯನ್ನು, ಇಟ್ಟುಕೊಂಡೇ ಹೇಳುತ್ತೇನೆ, ನನಗೆ ಹತ್ತಿರದ್ದು ಅದೇ. ಭತ್ತ, ಮೆಕ್ಕೆಜೋಳಕ್ಕೆ ಎಲ್ಲಿ ಬದಲಾಗುತ್ತದೆ ಅನ್ನುವುದನ್ನು ಕೆಳಗೆ ಬೇರೆಯಾಗಿ ಬರೆದಿದ್ದೇನೆ.

ಮೊದಲು ಇದೊಂದು ಅರ್ಥವಾಗಬೇಕು

ಯೂರಿಯಾ ಹಾಕುವುದು ಅಂದರೆ ಬಿಸಿ ಮುದ್ದೆಯನ್ನು ತಟ್ಟೆಗೆ ಇಟ್ಟ ಹಾಗೆ. ಉಂಡು ಏಳುವುದಷ್ಟೇ ಬಾಕಿ. ತಿಪ್ಪೆಗೊಬ್ಬರ ಹಾಕುವುದು ಅಂದರೆ ಹಗೇವಿಗೆ (ನೆಲದೊಳಗಿನ ಕಣಜಕ್ಕೆ) ರಾಗಿ ತುಂಬಿದ ಹಾಗೆ. ತೆಗೆಯಬೇಕು, ಬೀಸಬೇಕು, ಎಸರಿಡಬೇಕು, ತೊಳಸಬೇಕು. ಹಗೇವಿನಲ್ಲಿ ಹತ್ತು ಪಲ್ಲ ರಾಗಿ ಇದ್ದರೂ ಒಲೆ ಹಚ್ಚದ ದಿನ ಮನೆಮಂದಿ ಉಪವಾಸವೇ ಅಲ್ವಾ?

ಗೊಬ್ಬರದಲ್ಲಿ ಇರುವ ಸಾರಜನಕದ ಬಹುಪಾಲು ಪ್ರೋಟೀನಿನಂಥ ದೊಡ್ಡ ವಸ್ತುಗಳ ಒಳಗೆ ಸಿಕ್ಕಿಕೊಂಡಿರುತ್ತದೆ. ಬೇರು ಅದನ್ನು ಹಾಗೇ ತಿನ್ನಲಾರದು. ಸೂಕ್ಷ್ಮಜೀವಿಗಳು ಅದನ್ನು ಒಡೆದು ಮೊದಲು ಅಮೋನಿಯಂ ಮಾಡುತ್ತವೆ. ಆಮೇಲೆ ಇನ್ನೊಂದು ಗುಂಪಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೇಟ್ ಮಾಡುತ್ತವೆ. ಈ ಎರಡೇ ರೂಪದಲ್ಲಿ ಪೈರು ಹೆಚ್ಚಾಗಿ ಉಣ್ಣುವುದು. ಅಡುಗೆ ಮಾಡುವ ಈ ಜೀವಿಗಳಿಗೆ ಹದವಾದ ತೇವ, ಬೆಚ್ಚಗಿನ ಮಣ್ಣು, ಸ್ವಲ್ಪ ಗಾಳಿ ಬೇಕು. ಮಣ್ಣು ಒಣಗಿದರೆ ಅವು ಮಲಗಿಬಿಡುತ್ತವೆ.

ಇನ್ನು ಪೈರಿನ ಕಡೆ ನೋಡಿ. ರಾಗಿ ಮೊದಲ ಮೂರು ವಾರ ತಿನ್ನುವುದು ಬಲು ಕಮ್ಮಿ. ತೆಂಡೆ (ಬುಡದ ಮರಿಕವಲು) ಒಡೆಯಲು ಶುರುವಾದಾಗಿನಿಂದ ಹೊಡೆ (ಎಲೆಯೊಳಗಿನ ಎಳೆ ತೆನೆ) ತುಂಬುವವರೆಗೆ, ಹೆಚ್ಚುಕಡಿಮೆ 25ರಿಂದ 60ನೇ ದಿನದವರೆಗೆ, ಅದರ ಹೊಟ್ಟೆ ತುಂಬುವುದೇ ಇಲ್ಲ. ತೆನೆ ಹೊರಬಂದ ಮೇಲೆ ಮತ್ತೆ ಕಡಿಮೆ. ಆಗ ಎಲೆಯಲ್ಲಿ ಕೂಡಿಟ್ಟಿದ್ದನ್ನೇ ಕಾಳಿಗೆ ಸಾಗಿಸುತ್ತದೆ.

ಈ 35 ದಿನಕ್ಕೆ ಸರಿಯಾಗಿ ಗೊಬ್ಬರ ಬೆಂದು ಸಿಗುವ ಹಾಗೆ ಮಾಡುವುದೇ ನಮ್ಮ ಕೆಲಸ. ಬೇಗ ಬೆಂದರೆ ಮಳೆನೀರಿನ ಜತೆ ಕೆಳಗಿಳಿದು ಹೋಗುತ್ತದೆ, ನಮ್ಮ ಕೆಂಪು ಮರಳು ಮಣ್ಣಿನಲ್ಲಂತೂ ಜಾಸ್ತಿ. ತಡವಾಗಿ ಬೆಂದರೆ ಪೈರು ಹಾಲುಕಾಳು ಆದಮೇಲೂ ಹಸಿರಾಗೇ ಇರುತ್ತದೆ, ತೆನೆ ಮಾತ್ರ ಸಣ್ಣ.

ಹೆಜ್ಜೆ 1: ಪೈರಿಗೆ ಎಷ್ಟು ಬೇಕು

ಎಕರೆಗೆ 10 ಕ್ವಿಂಟಲ್ ರಾಗಿ ಅಂತ ಇಟ್ಟುಕೊಳ್ಳಿ. ರಾಗಿ ಕಾಳಿನಲ್ಲಿ ಪ್ರೋಟೀನ್ ಸುಮಾರು 7%. ಪ್ರೋಟೀನನ್ನು 6.25ರಿಂದ ಭಾಗಿಸಿದರೆ ಸಾರಜನಕ ಸಿಗುತ್ತದೆ, ಅಂದರೆ 1.1%. ಹತ್ತು ಕ್ವಿಂಟಲ್ ಕಾಳಿನ ಜತೆ ಹೊಲದಿಂದ ಹೊರಗೆ ಹೋಗುವುದು 11 ಕೆಜಿ. ಹುಲ್ಲಿನಲ್ಲಿ ಇನ್ನೊಂದು 8-9 ಕೆಜಿ. ಒಟ್ಟು 20 ಕೆಜಿ.

ಖುಷ್ಕಿ ರಾಗಿಗೆ ಕೃಷಿ ವಿಶ್ವವಿದ್ಯಾಲಯದವರ ಶಿಫಾರಸು ಹೆಕ್ಟೇರಿಗೆ 50 ಕೆಜಿ ಸಾರಜನಕ, ಎಕರೆಗೆ 20 ಕೆಜಿ. ನೀರಾವರಿಗೆ ಅದರ ಎರಡರಷ್ಟು. ಎರಡು ಕಡೆಯೂ 20 ಅನ್ನುವ ಅಂಕಿ ಬಂತು ಅಂತ ಗೊಂದಲ ಬೇಡ. ಮೇಲಿನ 20 ಪೈರು ಹೀರುವುದು, ಕೆಳಗಿನ 20 ನಾವು ಹಾಕುವುದು. ಹಾಕಿದ್ದೆಲ್ಲ ಪೈರಿಗೆ ಸೇರುವುದಿಲ್ಲ. ಸೇರದ ಪಾಲನ್ನು ಮಣ್ಣು ತನ್ನ ಗಂಟಿನಿಂದ ಕೊಡುತ್ತದೆ.

ಹೆಜ್ಜೆ 2: ಮಣ್ಣಿನ ಗಂಟಿನಲ್ಲಿ ಎಷ್ಟಿದೆ

ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಎಲ್ಲರೂ ಸಾರಜನಕ, ರಂಜಕ, ಪೊಟ್ಯಾಷ್ ಅನ್ನುವ ಎನ್‌ಪಿಕೆ ನೋಡುತ್ತಾರೆ. ನೀವು ಮೊದಲು ಸಾವಯವ ಇಂಗಾಲ ನೋಡಿ. 0.5%ಗಿಂತ ಕೆಳಗಿದ್ದರೆ ಕಡಿಮೆ, 0.75%ಗಿಂತ ಮೇಲಿದ್ದರೆ ಒಳ್ಳೆಯದು.

ಈ ಅಂಕಿಯಿಂದ ಒಂದು ಒಳ್ಳೆ ಲೆಕ್ಕ ಹುಟ್ಟುತ್ತದೆ. ಒಂದು ಎಕರೆಯ ಮೇಲಿನ ಅರ್ಧ ಅಡಿ ಮಣ್ಣು ಸುಮಾರು 9 ಲಕ್ಷ ಕೆಜಿ ತೂಗುತ್ತದೆ. ಅದರಲ್ಲಿ 0.5% ಇಂಗಾಲ ಅಂದರೆ 4,500 ಕೆಜಿ. ಸಾವಯವ ಅಂಶದಲ್ಲಿ ಇಂಗಾಲದ ಹತ್ತನೇ ಒಂದು, ಹನ್ನೆರಡನೇ ಒಂದು ಪಾಲು ಸಾರಜನಕ ಇರುತ್ತದೆ. ಅಲ್ಲಿಗೆ 400 ಕೆಜಿ ಬಂತು. ಇದರಲ್ಲಿ ವರ್ಷಕ್ಕೆ ಬಿಡುಗಡೆಯಾಗುವುದು 2%ರ ಆಸುಪಾಸು, ಅಂದರೆ 8 ಕೆಜಿ. ಏನೂ ಹಾಕದೆಯೂ ಬಡ ಹೊಲ ನಾಲ್ಕು ಮೂಟೆ ರಾಗಿ ಕೊಡುವುದು ಈ 8 ಕೆಜಿಯ ಮೇಲೆ.

ಮಣ್ಣು ತೆಗೆಯುವಾಗ ಬದು, ತಿಪ್ಪೆ ಜಾಗ, ಮರದ ನೆರಳು ಬಿಡಿ. ಹಾವಿನ ನಡಿಗೆಯಲ್ಲಿ ಹೊಲದ ಹತ್ತು ಕಡೆ ಇಂಗ್ಲಿಷಿನ ವಿ ಅಕ್ಷರದಂತೆ ಅರ್ಧ ಅಡಿ ಗುಂಡಿ ತೆಗೆದು, ಒಂದು ಪಕ್ಕದಿಂದ ಮೇಲಿಂದ ಕೆಳಗಿನವರೆಗೆ ಒಂದೇ ದಪ್ಪಕ್ಕೆ ಹೆರೆದುಕೊಳ್ಳಿ. ಎಲ್ಲ ಕಲಸಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ಬಿಸಾಡುತ್ತಾ ಬಂದು ಅರ್ಧ ಕೆಜಿ ಉಳಿಸಿ. ನೆರಳಲ್ಲಿ ಒಣಗಿಸಿ ಕೊಡಿ. ಬೇಸಿಗೆಯಲ್ಲೇ ಕೊಟ್ಟರೆ ಬಿತ್ತನೆಗೆ ಮುಂಚೆ ಚೀಟಿ ಕೈಗೆ ಬರುತ್ತದೆ.

ಹೆಜ್ಜೆ 3: ಗೊಬ್ಬರವನ್ನು ಕೈಯಲ್ಲಿ ಹಿಡಿದು ನೋಡಿ

ಎಲ್ಲ ಸಾವಯವ ಗೊಬ್ಬರಗಳೂ ಒಂದೇ ವೇಗದಲ್ಲಿ ಬೇಯುವುದಿಲ್ಲ. ಇಂಗಾಲ ಎಷ್ಟು, ಸಾರಜನಕ ಎಷ್ಟು ಅನ್ನುವ ಅನುಪಾತ ಇದನ್ನು ತೀರ್ಮಾನಿಸುತ್ತದೆ. ಒಂದು ಪಾಲು ಸಾರಜನಕಕ್ಕೆ 20 ಪಾಲಿಗಿಂತ ಕಡಿಮೆ ಇಂಗಾಲ ಇದ್ದರೆ ಆ ವಸ್ತು ಕೊಳೆಯುತ್ತಾ ಪೈರಿಗೆ ಕೊಡುತ್ತದೆ. 30ಕ್ಕಿಂತ ಜಾಸ್ತಿ ಇದ್ದರೆ ಪೈರಿನಿಂದ ಕಿತ್ತುಕೊಳ್ಳುತ್ತದೆ. ಹಿಂಡಿಗಳದ್ದು 10ರ ಹತ್ತಿರ. ಗ್ಲಿರಿಸಿಡಿಯಾ (ಗೊಬ್ಬರದ ಗಿಡ) ಸೊಪ್ಪಿನದ್ದು ಸುಮಾರು 15. ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ 20ರ ಹತ್ತಿರ. ಒಣ ಹುಲ್ಲು 60ರಿಂದ 80, ತೆಂಗಿನ ನಾರಿನ ಪುಡಿ 100ರ ಸುತ್ತ, ಮರದ ಹೊಟ್ಟು 200ಕ್ಕೂ ಮೇಲೆ. ನನ್ನ ಹಳದಿ ರಾಗಿಯ ಗುಟ್ಟು ಈ ಸಾಲಿನಲ್ಲೇ ಇದೆ.

ಸಾರಜನಕದ ಅಂದಾಜು ಹೀಗಿದೆ:

- ತಿಪ್ಪೆಗೊಬ್ಬರ: 0.5%. ಒಂದು ಟನ್ನಿಗೆ 5 ಕೆಜಿ. ಮೊದಲ ಬೆಳೆಗೆ ಸಿಗುವುದು ಅದರ ಮೂರನೇ ಒಂದು ಪಾಲು.
- ಎರೆಗೊಬ್ಬರ: 1ರಿಂದ 1.5%.
- ಕೋಳಿ ಗೊಬ್ಬರ: 2ರಿಂದ 3%. ಬೇಗ ಬಿಡುತ್ತದೆ. ಹಸಿಯದು ಸುಡುತ್ತದೆ, ಕಳಿಸಿಯೇ ಹಾಕಬೇಕು.
- ಹೊಂಗೆ ಹಿಂಡಿ, ಹರಳು ಹಿಂಡಿ: 4%ರ ಹತ್ತಿರ. ಬೇವಿನ ಹಿಂಡಿ: 5%ರ ಹತ್ತಿರ. ತೇವ ಇದ್ದರೆ ಒಂದೂವರೆ ಎರಡು ತಿಂಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಬಿಡುತ್ತದೆ.
- ಹಸಿ ಸೆಣಬು, ಡಯಾಂಚ, ಗ್ಲಿರಿಸಿಡಿಯಾ ಸೊಪ್ಪು: ಹಸಿ ತೂಕದಲ್ಲಿ ಅರ್ಧ ಪರ್ಸೆಂಟಿನ ಆಸುಪಾಸು.

ಕಡಲೆಕಾಯಿ ಹಿಂಡಿಯಲ್ಲಿ 7% ಇದೆ. ಆದರೆ ಅದನ್ನು ಮಣ್ಣಿಗೆ ಹಾಕುವುದು ದುಂದು. ಹಸುವಿಗೆ ಹಾಕಿ. ಹಾಲೂ ಬರುತ್ತದೆ, ಸಗಣಿ ಗಂಜಲವೂ ಗಟ್ಟಿಯಾಗುತ್ತದೆ.

ಅಂಕಿ ಇರಲಿ, ಕೈಯ ಪರೀಕ್ಷೆ ಬಿಡಬೇಡಿ. ಕಳಿತ ಗೊಬ್ಬರ ಹಿಡಿಯಲ್ಲಿ ಹಿಸುಕಿದರೆ ಉಂಡೆಯಾಗಿ, ಬೆರಳಲ್ಲಿ ಮುಟ್ಟಿದರೆ ಉದುರುತ್ತದೆ. ಮೊದಲ ಮಳೆಯ ವಾಸನೆ ಬರುತ್ತದೆ. ಯಾವುದು ಹುಲ್ಲು, ಯಾವುದು ಸಗಣಿ ಅಂತ ಗೊತ್ತಾಗಬಾರದು. ಗೊತ್ತಾದರೆ ಇನ್ನೂ ಕಳಿತಿಲ್ಲ ಅಂತಲೇ ಅರ್ಥ. ಅಂಥದ್ದನ್ನು ಹಾಕಿದರೆ ಗೊಣ್ಣೆಹುಳ, ಗೆದ್ದಲು, ಕಳೆ ಬೀಜ ಮೂರೂ ಪುಕ್ಕಟೆ ಬರುತ್ತವೆ.

ಚೀಲದಲ್ಲಿ ಬರುವ ಎರೆಗೊಬ್ಬರವನ್ನು ಕೊಳ್ಳುವ ಮುಂಚೆ ಒಂದು ಹಿಡಿಯನ್ನು ಗಾಜಿನ ಲೋಟದ ನೀರಿಗೆ ಹಾಕಿ ಕಲಕಿ. ನಾನು ಒಮ್ಮೆ ಒಬ್ಬ ವ್ಯಾಪಾರಿಯಿಂದ ಇಪ್ಪತ್ತು ಚೀಲ ತಂದು, ಆಮೇಲೆ ಕಲಕಿ ನೋಡಿದೆ. ಲೋಟದ ತಳದಲ್ಲಿ ಅರ್ಧ ಬೆರಳು ಮರಳು ಕೂತಿತು. ನಮ್ಮ ಹೊಲದಲ್ಲಿ ಮರಳಿಗೇನು ಬರವೇ!

ಹೆಜ್ಜೆ 4: ತಿಪ್ಪೆಯಲ್ಲೇ ಸೋರುವುದನ್ನು ನಿಲ್ಲಿಸಿ

ಸಾರಜನಕ ಹೊಲದಲ್ಲಿ ಕಳೆದುಹೋಗುವುದಕ್ಕಿಂತ ಮನೆಯ ಹಿಂದೆ ಕಳೆದುಹೋಗುವುದೇ ಜಾಸ್ತಿ ಅಂತ ನನ್ನ ಅನುಮಾನ. ದನ ಹೊರಹಾಕುವ ಸಾರಜನಕದಲ್ಲಿ ದೊಡ್ಡ ಪಾಲು ಇರುವುದು ಗಂಜಲದಲ್ಲಿ. ನಾವು ಸಗಣಿಯನ್ನು ಬಾಚಿ ತಿಪ್ಪೆಗೆ ಹಾಕುತ್ತೇವೆ, ಗಂಜಲ ಚರಂಡಿಗೆ ಹೋಗುತ್ತದೆ. ಬೆಳಗ್ಗೆ ಕೊಟ್ಟಿಗೆ ಬಾಗಿಲು ತೆಗೆದಾಗ ಮೂಗಿಗೆ ಹೊಡೆಯುವ ಘಾಟು ಇದೆಯಲ್ಲ, ಅದೇ ಅಮೋನಿಯ. ನಿಮ್ಮ ಯೂರಿಯಾ ಗಾಳಿಗೆ ಹೋಗುತ್ತಿರುವ ವಾಸನೆ ಅದು.

ಮಾಡಬೇಕಾದ್ದು ಕಷ್ಟದ್ದಲ್ಲ. ಕೊಟ್ಟಿಗೆಯಲ್ಲಿ ರಾತ್ರಿ ದನದ ಕೆಳಗೆ ಕತ್ತರಿಸಿದ ಹುಲ್ಲು, ತರಗು, ಇಲ್ಲವೇ ಒಣ ಮಣ್ಣು ಹರಡಿ. ಬೆಳಗ್ಗೆ ಅದು ಗಂಜಲ ಕುಡಿದಿರುತ್ತದೆ. ಸಗಣಿಯ ಜತೆ ಅದನ್ನೂ ಗುಂಡಿಗೆ ಹಾಕಿ. ಗುಂಡಿ ಮೂರು ಅಡಿ ಆಳ ಇದ್ದರೆ ಸಾಕು, ಮೇಲೆ ಮರದ ನೆರಳು ಇರಲಿ. ಒಂದು ಅಡಿ ತುಂಬಿದಾಗಲೆಲ್ಲ ತೆಳ್ಳಗೆ ಮಣ್ಣು ಎಳೆಯಿರಿ. ಗುಂಡಿ ತುಂಬಿ ನೆಲದಿಂದ ಒಂದೂವರೆ ಅಡಿ ಮೇಲೆ ಬಂದಾಗ ಸಗಣಿ ಮಣ್ಣು ಕಲಸಿ ಬಳಿದುಬಿಡಿ. ನಾಲ್ಕೈದು ತಿಂಗಳು ಮುಟ್ಟಬೇಡಿ. ಅದಕ್ಕೇ ಎರಡು ಗುಂಡಿ ಬೇಕು. ಒಂದು ತುಂಬುತ್ತಿರುವಾಗ ಇನ್ನೊಂದು ಕಳಿಯುತ್ತಿರುತ್ತದೆ.

ಹೆಜ್ಜೆ 5: ಭರಣಿಯಿಂದ ಹೊಡೆಯವರೆಗೆ

"ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ" ಅನ್ನುತ್ತಾರೆ ಹಿರಿಯರು. ಇದಕ್ಕೆ ಮಣ್ಣಿನ ಕಡೆಯಿಂದಲೂ ಒಂದು ಕಾರಣ ಕೊಡಬಹುದು. ತಿಂಗಳುಗಟ್ಟಲೆ ಒಣಗಿದ ಮಣ್ಣಿಗೆ ಮೊದಲ ಮಳೆ ಬಿದ್ದಾಗ ಮಲಗಿದ್ದ ಸೂಕ್ಷ್ಮಜೀವಿಗಳು ಒಮ್ಮೆಲೇ ಏಳುತ್ತವೆ. ಕೆಲವೇ ದಿನಗಳಲ್ಲಿ ಒಳ್ಳೆಯ ಪ್ರಮಾಣದ ನೈಟ್ರೇಟ್ ತಯಾರಾಗುತ್ತದೆ. ಆದರೆ ಆಗ ಹೊಲದಲ್ಲಿ ಪೈರು ಇರುವುದಿಲ್ಲ. ರಾಗಿ ಬಿತ್ತುವುದು ಜುಲೈಗೆ. ಅಷ್ಟರಲ್ಲಿ ಮೇ, ಜೂನ್ ಮಳೆಗೆ ಅದು ಇಳಿದುಹೋಗಿರುತ್ತದೆ.

ಹಿಡಿದಿಡಲು ಒಂದೇ ಉಪಾಯ, ನಡುವೆ ಒಂದು ಬೆಳೆ. ಏಪ್ರಿಲ್ ಕೊನೆ ಅಥವಾ ಮೇ ಮೊದಲ ವಾರ ಹದ ಸಿಕ್ಕ ತಕ್ಷಣ ಎಕರೆಗೆ 10-12 ಕೆಜಿ ಸೆಣಬು ಚೆಲ್ಲಿ. ನಮ್ಮ ಕಡೆ ಅಪ್ಸೆಣಬು ಅನ್ನುತ್ತೇವೆ. ಅದು ಮಣ್ಣಿನ ನೈಟ್ರೇಟನ್ನೂ ಹೀರುತ್ತದೆ, ಬೇರಿನ ಗಂಟಿನಲ್ಲಿ ಗಾಳಿಯ ಸಾರಜನಕವನ್ನೂ ಕಟ್ಟುತ್ತದೆ. 45ನೇ ದಿನ, ಹೂ ಕಾಣಿಸಿಕೊಳ್ಳುವಾಗ, ರೋಟವೇಟರ್ ಹೊಡೆದು ಸೇರಿಸಿ. "ಇನ್ನೊಂದು ವಾರ ಬೆಳೆಯಲಿ, ಸೊಪ್ಪು ಜಾಸ್ತಿ ಆಗುತ್ತೆ" ಅಂತ ಆಸೆಪಡಬೇಡಿ. ಸೆಣಬು ಹಗ್ಗ ಹೊಸೆಯುವ ಗಿಡ. ಹೂ ಕಳೆದ ಮೇಲೆ ದಂಟೆಲ್ಲ ನಾರು, ನಾರೆಂದರೆ ಮತ್ತೆ ಹುಲ್ಲಿನದೇ ಕಥೆ.

ಸೇರಿಸಿದ ಮೇಲೆ ಹತ್ತು ಹದಿನೈದು ದಿನ ಬಿಟ್ಟು ಬಿತ್ತಿ. ಬಿಸಿ ಕಳೆಯಬೇಕು. ಜುಲೈನಲ್ಲಿ ಪುನರ್ವಸು, ಪುಷ್ಯ ಮಳೆಗೆ ಜಿಪಿಯು-28, ಎಂಎಲ್-365ರಂಥ ತಳಿಗಳು ಸರಿಹೊಂದುತ್ತವೆ. ಮೇ ತಿಂಗಳಲ್ಲಿ ಮಳೆ ಕೈಕೊಟ್ಟರೆ ಸೆಣಬಿನ ಆಸೆ ಬಿಟ್ಟುಬಿಡಿ, ರಾಗಿಯ ಕಾಲ ತಪ್ಪಿಸಬೇಡಿ.

ತಿಪ್ಪೆಗೊಬ್ಬರಕ್ಕೆ ಬಿತ್ತನೆಗೆ ಎರಡು ಮೂರು ವಾರ ಮುಂಚೆ ಸರಿಯಾದ ಹೊತ್ತು. ಎಕರೆಗೆ 3 ಟನ್. ನಮ್ಮಲ್ಲಿ ಒಂದು ಕೆಟ್ಟ ರೂಢಿ ಇದೆ. ಬೇಸಿಗೆಯಲ್ಲಿ ಗಾಡಿ ಬಿಡುವಾಗಿದೆ ಅಂತ ಗೊಬ್ಬರ ಹೊಡೆದು, ಹೊಲದ ತುಂಬ ಚಿಕ್ಕ ಚಿಕ್ಕ ಗುಡ್ಡೆ ಹಾಕಿ ತಿಂಗಳುಗಟ್ಟಲೆ ಬಿಸಿಲಿಗೆ ಬಿಡುತ್ತೇವೆ. ಗುಡ್ಡೆ ಇದ್ದ ಜಾಗದಲ್ಲಿ ಮುಂದೆ ರಾಗಿ ಮೊಳಕಾಲೆತ್ತರ ಹೆಚ್ಚು ಬೆಳೆದು ಮಲಗುತ್ತದೆ, ಉಳಿದ ಕಡೆ ಬಡಕಲು. ಹರಡಿದ ದಿನವೇ ಉಳುಮೆ ಮಾಡಿ ಮುಚ್ಚುವಷ್ಟನ್ನೇ ಹೊರಗೆ ತೆಗೆಯಿರಿ. ಕುರಿ ಮಂದೆ ನಿಲ್ಲಿಸುವವರಿಗೂ ಇದೇ ಮಾತು. ಮಂದೆ ಎದ್ದ ಬೆಳಗ್ಗೆಯೇ ಒಂದು ಸಾಲು ಕುಂಟೆ ಹೊಡೆದರೆ ಹಿಕ್ಕೆ, ಗಂಜಲ ಎರಡೂ ಮಣ್ಣಿಗೆ ಸೇರುತ್ತವೆ.

ಹಿಂಡಿ ಯಾವಾಗ? ಇಲ್ಲಿ ತುಂಬ ಜನ ತಪ್ಪುತ್ತಾರೆ, ನಾನೂ ತಪ್ಪಿದ್ದೆ. ಯೂರಿಯಾವನ್ನು ಮೇಲುಗೊಬ್ಬರವಾಗಿ 30ನೇ ದಿನ ಕೊಡುತ್ತೇವಲ್ಲ, ಹಿಂಡಿಯನ್ನೂ ಅದೇ ದಿನ ಕೊಡುತ್ತೇವೆ. ಹಿಂಡಿಗೆ ಬೇಯಲು ಎರಡು ಮೂರು ವಾರ ಬೇಕು. 30ನೇ ದಿನ ಹಾಕಿದ್ದು ಪೈರಿಗೆ ಚೆನ್ನಾಗಿ ಸಿಗುವುದು 50ನೇ ದಿನಕ್ಕೆ. ತೆಂಡೆ ಒಡೆಯುವ ಕಾಲ ಮುಗಿದೇ ಹೋಗಿರುತ್ತದೆ. ಹಾಗಾಗಿ ಎಕರೆಗೆ 150 ಕೆಜಿ ಹೊಂಗೆ ಹಿಂಡಿ ಅಂತ ಇಟ್ಟುಕೊಂಡರೆ 100 ಕೆಜಿಯನ್ನು ಬಿತ್ತನೆಗೆ ಹತ್ತು ದಿನ ಮುಂಚೆ ಮಣ್ಣಿಗೆ ಸೇರಿಸಿ. ಉಳಿದ 50 ಕೆಜಿಯನ್ನು 15-20ನೇ ದಿನ ಸಾಲಿನ ಪಕ್ಕ ಉದುರಿಸಿ, ಎಡೆಕುಂಟೆ ಹೊಡೆದು ಮುಚ್ಚಿ. ಹೆಂಟೆ ಹೆಂಟೆಯಾಗಿ ಹಾಕಬೇಡಿ, ಪುಡಿ ಮಾಡಿ. ಬೀಜದ ಜತೆ ಕೂರಿಗೆಯಲ್ಲಿ ಬಿಡಬೇಡಿ, ಮೊಳಕೆಗೆ ಏಟು ಬೀಳುತ್ತದೆ.

ಬದುವಿನ ಮೇಲೆ ಗ್ಲಿರಿಸಿಡಿಯಾ ಇದ್ದರೆ ಅದೇ ನಿಮ್ಮ ಬ್ಯಾಂಕು. ಸುಮ್ನೆ ಗೊಬ್ಬರದ ಗಿಡ ಅಂತ ಹೆಸರು ಬಂದಿಲ್ಲ ಅದಕ್ಕೆ. ಬಿತ್ತನೆಗೆ ಎರಡು ವಾರ ಮುಂಚೆ ಒಮ್ಮೆ ಸವರಿ ಎಲೆ, ಎಳೆ ರೆಂಬೆಗಳನ್ನಷ್ಟೇ ಉತ್ತು ಸೇರಿಸಿ. ದಪ್ಪ ಕಡ್ಡಿ ಒಲೆಗೆ ಇರಲಿ.

ಈಗ ಕೂಡಿಸೋಣ. ಸೆಣಬು ಬೆಳೆಯಲು ಆಗದ ವರ್ಷದ ಲೆಕ್ಕ ಇದು. 3 ಟನ್ ಗೊಬ್ಬರದಲ್ಲಿ ಒಟ್ಟು 15 ಕೆಜಿ, ಈ ಬೆಳೆಗೆ ಸಿಗುವುದು 5. ಒಂದು ಟನ್ ಗ್ಲಿರಿಸಿಡಿಯಾ ಸೊಪ್ಪಿನಲ್ಲಿ 5-6 ಕೆಜಿ, ಸಿಗುವುದು 3. 150 ಕೆಜಿ ಹಿಂಡಿಯಲ್ಲಿ 6 ಕೆಜಿ, ಸಿಗುವುದು 4. ಮಣ್ಣಿನ ಗಂಟಿನಿಂದ 8. ಒಟ್ಟು 20. ಕಾಗದದ ಮೇಲೆ ಸರಿಯಾಯಿತು. ಹೊಲದಲ್ಲಿ ಇದರಲ್ಲೂ ಒಂದಿಷ್ಟು ಸೋರುತ್ತದೆ, ಹಾಗಾಗಿ 10ರ ಬದಲು 8 ಕ್ವಿಂಟಲ್ ಅಂತ ಮನಸ್ಸಿನಲ್ಲಿಟ್ಟುಕೊಳ್ಳಿ. ಸೆಣಬು ಸರಿಯಾಗಿ ಬಂದ ವರ್ಷ ಎಕರೆಗೆ 5-6 ಟನ್ ಹಸಿ ಸೊಪ್ಪು ಸೇರುತ್ತದೆ. ಆಗ ಹಿಂಡಿಯ ಖರ್ಚೇ ಬೇಡ.

ಖರ್ಚಿನ ಮಾತು ಬಂತು. 45 ಕೆಜಿ ಯೂರಿಯಾ ಚೀಲಕ್ಕೆ ಸರಕಾರದ ದರ 266 ರೂಪಾಯಿ 50 ಪೈಸೆ. ಅದರಲ್ಲಿ 46% ಸಾರಜನಕ, ಅಂದರೆ ಒಂದು ಕೆಜಿ ಸಾರಜನಕಕ್ಕೆ 13 ರೂಪಾಯಿಗೂ ಚೂರು ಕಮ್ಮಿ. ಹಿಂಡಿಯ ಚೀಲದ ಬೆಲೆಯನ್ನೂ ಹೀಗೇ ಭಾಗಿಸಿ ನೋಡಿ, ಎದೆ ಝಲ್ಲೆನ್ನುತ್ತದೆ. ಸಾವಯವ ಪ್ರಮಾಣಪತ್ರ ಇರುವವರು ಯೂರಿಯಾ ಮುಟ್ಟುವ ಹಾಗಿಲ್ಲ, ಅವರು ಸೆಣಬು, ಗ್ಲಿರಿಸಿಡಿಯಾದಂಥ ಮನೆಯ ಗೊಬ್ಬರವನ್ನೇ ನೆಚ್ಚಬೇಕು. ಪ್ರಮಾಣಪತ್ರ ಇಲ್ಲದವರು ಒಳ್ಳೆ ಗೊಬ್ಬರ ಹಾಕಿ, 25-30ನೇ ದಿನ ಹದ ನೋಡಿ 15-20 ಕೆಜಿ ಯೂರಿಯಾ ಚೆಲ್ಲಿದರೆ ಪಾಪ ಏನೂ ಬರುವುದಿಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಆವರಣವಾದ ಜಿಕೆವಿಕೆಯಲ್ಲಿ 1978ರಿಂದ ಕೆಂಪು ಮಣ್ಣಿನ ಖುಷ್ಕಿ ರಾಗಿಯ ಮೇಲೆ ದೀರ್ಘಕಾಲದ ಪ್ರಯೋಗ ನಡೆದಿದೆ. ಬರೀ ರಸಗೊಬ್ಬರ ಹಾಕಿದ ತಾಕುಗಳು ವರ್ಷ ಕಳೆದಂತೆ ಸೋತವು. ಗೊಬ್ಬರ, ರಸಗೊಬ್ಬರ ಎರಡೂ ಸೇರಿದ ತಾಕುಗಳು ಗಟ್ಟಿಯಾಗಿ ನಿಂತವು.

ಹೆಜ್ಜೆ 6: ಪೈರನ್ನು ಓದಿ, ಆತುರಪಡಬೇಡಿ

ಸಾರಜನಕ ಕಡಿಮೆಯಾದರೆ ಹಳದಿ ಬಣ್ಣ ಕೆಳಗಿನ ಹಳೆ ಎಲೆಯ ತುದಿಯಿಂದ ಶುರುವಾಗುತ್ತದೆ. ಪೈರು ಹಳೆ ಎಲೆಯಿಂದ ಕಿತ್ತು ಹೊಸ ಎಲೆಗೆ ಕೊಡುತ್ತದೆ. ಸುಳಿಯ ಎಲೆಯೇ ಮೊದಲು ಬಿಳಿಚಿಕೊಂಡರೆ ಅದು ಗಂಧಕ, ಕಬ್ಬಿಣದಂಥ ಬೇರೆ ಕೊರತೆ. ಅದಕ್ಕೆ ಸಾರಜನಕ ಸುರಿದು ಪ್ರಯೋಜನ ಇಲ್ಲ.

ಮಳೆ ಎರಡು ವಾರ ಕೈಕೊಟ್ಟಾಗ ಗೊಬ್ಬರದ ಹೊಲವೂ ಬಿಳಿಚುತ್ತದೆ. ಆಗ ಓಡಿಹೋಗಿ ಏನೋ ತಂದು ಹಾಕಬೇಡಿ. ಒಣ ಮಣ್ಣಿನಲ್ಲಿ ಅಡುಗೆಯವರೇ ಮಲಗಿದ್ದಾರೆ. ಮಳೆ ಬಿದ್ದ ಮೇಲೆ ಎಂಟು ದಿನ ಕಾಯಿರಿ. ಭರಣಿಯಲ್ಲಿ ಆದದ್ದೇ ಚಿಕ್ಕ ಪ್ರಮಾಣದಲ್ಲಿ ಮತ್ತೆ ಆಗುತ್ತದೆ, ಪೈರು ತಾನಾಗೇ ಕರ್ರಗೆ ಎದ್ದು ನಿಲ್ಲುತ್ತದೆ. ಎಂಟು ದಿನದ ಮೇಲೂ ಏಳದಿದ್ದರೆ ಮಾತ್ರ ಕೊರತೆ ನಿಜ.

ಅತಿಯಾದರೂ ತೊಂದರೆಯೇ. ಮೊದಲ ಹತ್ತು ಕೆಜಿ ಸಾರಜನಕಕ್ಕೆ ರಾಗಿ ಕೊಡುವ ಕಾಳನ್ನು ಮೂರನೇ ಹತ್ತು ಕೆಜಿಗೆ ಕೊಡುವುದಿಲ್ಲ. ಆಮೇಲೆ ಬೆಳೆಯುವುದು ಬರೀ ಎಲೆ. ಎಲೆ ಮೆತ್ತಗಾಗಿ ಬೆಂಕಿ ರೋಗ ಹತ್ತುತ್ತದೆ, ತೆನೆ ಕಟ್ಟಿದ ಮೇಲೆ ಗಾಳಿಮಳೆಗೆ ಪೈರು ಮಲಗುತ್ತದೆ. ಕೋಳಿ ಗೊಬ್ಬರ ಎರಡು ಮೂರು ಟನ್ ಸುರಿದ ಹೊಲಗಳಲ್ಲಿ ಇದನ್ನು ಕಣ್ಣಾರೆ ನೋಡಿದ್ದೇನೆ.

ಅಕ್ಕಡಿ ಸಾಲು ಬಿಡಬೇಡಿ. ಎಂಟು ಸಾಲು ರಾಗಿಗೆ ಒಂದು ಸಾಲು ಅವರೆ, ಇಲ್ಲವೇ ಎರಡು ಸಾಲು ತೊಗರಿ. ಅದು ಈ ವರ್ಷದ ರಾಗಿಗೆ ಸಾರಜನಕ ಕೊಡುತ್ತದೆ ಅನ್ನುವುದು ಸ್ವಲ್ಪ ಉತ್ಪ್ರೇಕ್ಷೆ. ಉದುರಿದ ಎಲೆ, ಕೊಳೆತ ಬೇರಿನ ಲಾಭ ಸಿಗುವುದು ಮುಂದಿನ ಬೆಳೆಗೆ.

ಜೀವಾಮೃತದ ಬಗ್ಗೆ ಎರಡು ಮಾತು

ಜೀವಾಮೃತ ಒಂದಿದ್ದರೆ ಬೇರೆ ಗೊಬ್ಬರವೇ ಬೇಡ ಅನ್ನುವವರಿಗೆ ಇದನ್ನು ಬರೆದರೆ ಕೋಪ ಬರುತ್ತದೆ, ಬರಲಿ. 200 ಲೀಟರ್ ಡ್ರಮ್ಮಿಗೆ 10 ಕೆಜಿ ಸಗಣಿ, 10 ಲೀಟರ್ ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು. ಸಾರಜನಕ ಲೆಕ್ಕ ಹಾಕಿ. ಗಂಜಲದಿಂದ ಹೆಚ್ಚೆಂದರೆ 100 ಗ್ರಾಂ, ಹಿಟ್ಟಿನಿಂದ 70, ಸಗಣಿಯಿಂದ 30-40. ಇಡೀ ಡ್ರಮ್ಮಿಗೆ 200 ಗ್ರಾಂ. ನಮ್ಮ ಪೈರಿಗೆ ಬೇಕಾದ್ದು 20 ಕೆಜಿ. ನೂರು ಡ್ರಮ್ ಆಯಿತು. ಜೀವಾಮೃತ ಹಾಕುವವರು ಹಾಕಲಿ, ನಾನೂ ಹಾಕುತ್ತೇನೆ. ಆದರೆ ಅದನ್ನು ಗೊಬ್ಬರದ ಲೆಕ್ಕಕ್ಕೆ ಹಿಡಿಯಬೇಡಿ. ಅಡುಗೆಯವರನ್ನು ಎಷ್ಟು ಕರೆದರೂ ಹಗೇವಿನಲ್ಲಿ ರಾಗಿ ಇರಬೇಕಲ್ಲ.

ಭತ್ತ ಮತ್ತು ಮೆಕ್ಕೆಜೋಳದವರಿಗೆ

ಕೆಸರುಗದ್ದೆಯ ಮಣ್ಣಿಗೆ ಗಾಳಿ ಹೋಗುವುದಿಲ್ಲ. ಹಾಗಾಗಿ ಸಾರಜನಕ ಅಮೋನಿಯಂ ರೂಪದಲ್ಲೇ ನಿಲ್ಲುತ್ತದೆ, ಭತ್ತಕ್ಕೆ ಅದೇ ಇಷ್ಟ. ಡಯಾಂಚ ಬೆಳೆದು 45 ದಿನಕ್ಕೆ ಕೆಸರು ಮಾಡುವಾಗ ತುಳಿದು, ಒಂದು ವಾರದಲ್ಲಿ ನಾಟಿ ಮಾಡಿ. ಕೆಟ್ಟದ್ದು ಏನೆಂದರೆ ಗದ್ದೆಯನ್ನು ಬಿರುಕು ಬಿಡುವವರೆಗೆ ಒಣಗಿಸಿ ಮತ್ತೆ ನೀರು ತುಂಬುವುದು. ಒಣಗಿದಾಗ ನೈಟ್ರೇಟ್ ಆಗುತ್ತದೆ, ನೀರು ನಿಂತಾಗ ಅದು ಗಾಳಿಯಾಗಿ ಹಾರಿಹೋಗುತ್ತದೆ. ಗದ್ದೆಯ ನೀರಿಗೆ ಅಜೋಲ್ಲಾ (ತೇಲುವ ಪುಟ್ಟ ಜರೀಗಿಡ) ಬಿಟ್ಟವರು ನೆನಪಿಡಿ, ತೇಲುತ್ತಿರುವ ಅಜೋಲ್ಲಾ ಪೈರಿಗೆ ಕೊಡುವುದು ಕಡಿಮೆ. ನೀರು ಬಸಿದು ಕಾಲಲ್ಲಿ ತುಳಿದು ಮಣ್ಣಿಗೆ ಸೇರಿಸಿದಾಗಲೇ ಅದು ಗೊಬ್ಬರ. ತಿಳಿ ಹಸಿರಿನಿಂದ ಕಡು ಹಸಿರಿನವರೆಗೆ ಅಂಕಿ ಹಾಕಿದ ಎಲೆ ಬಣ್ಣದ ಪಟ್ಟಿ ಕೊಳ್ಳಿ, ಅಗ್ಗದ್ದು. ಪೂರ್ತಿ ಬಿಚ್ಚಿದ ಮೇಲಿನ ಎಲೆಯನ್ನು ನಿಮ್ಮ ಮೈ ನೆರಳಿನಲ್ಲಿ ಹಿಡಿದು ಹತ್ತು ಗಿಡ ನೋಡಿ. ನಾಟಿ ಮಾಡಿದ ಸಾಮಾನ್ಯ ಅಧಿಕ ಇಳುವರಿ ತಳಿಗಳಲ್ಲಿ 4ನೇ ಬಣ್ಣಕ್ಕಿಂತ ತಿಳಿಯಾದ ಎಲೆಗಳೇ ಜಾಸ್ತಿ ಇದ್ದರೆ ಪೈರು ಹಸಿದಿದೆ.

ದಾವಣಗೆರೆ, ಹಾವೇರಿ ಕಡೆಯ ಮೆಕ್ಕೆಜೋಳದವರ ಪಾಡು ಬೇರೆ. ಅದು ಬಕಾಸುರ. ಖುಷ್ಕಿಯಲ್ಲೇ ಎಕರೆಗೆ 40 ಕೆಜಿ, ನೀರಾವರಿಗೆ 60 ಕೆಜಿ ಸಾರಜನಕದ ಶಿಫಾರಸು. ಮೊಣಕಾಲೆತ್ತರದಿಂದ ಸೂಲಂಗಿ ಬರುವವರೆಗಿನ ನಾಲ್ಕೈದು ವಾರದಲ್ಲಿ ಅದರ ದೊಡ್ಡ ಪಾಲನ್ನು ನುಂಗುತ್ತದೆ. ತಿಪ್ಪೆಗೊಬ್ಬರ ಒಂದರಿಂದಲೇ ಆ ವೇಗ ಹಿಡಿಯಲು ಆಗುವುದಿಲ್ಲ. ಕಳಿತ ಕೋಳಿ ಗೊಬ್ಬರ ಒಂದು ಟನ್, ಮುಂಚಿನ ಬೆಳೆಯಾಗಿ ಅಲಸಂದೆ ಅಥವಾ ಹೆಸರು, ಜತೆಗೆ ಹಿಂಡಿ, ಇಷ್ಟು ಸೇರಿದರೆ ಸಾಧಾರಣ ಇಳುವರಿ. ಪೂರ್ತಿ ಸಾವಯವದಲ್ಲೇ ಹೈಬ್ರಿಡ್ ಮೆಕ್ಕೆಜೋಳದ ದಾಖಲೆ ಇಳುವರಿ ಬರುತ್ತದೆ ಅಂತ ಯಾರಾದರೂ ಹೇಳಿದರೆ ಅವರ ಹೊಲಕ್ಕೆ ಹೋಗಿ ನೋಡಿ ಬನ್ನಿ.

ಹೆಜ್ಜೆ 7: ಒಂದು ಪಟ್ಟಿ ಖಾಲಿ ಬಿಡಿ

ಗೊಬ್ಬರ ಕೆಲಸ ಮಾಡಿತೋ, ಮಳೆ ಕೆಲಸ ಮಾಡಿತೋ ಅಂತ ತಿಳಿಯಲು ಬೇರೆ ದಾರಿ ಇಲ್ಲ. ಹೊಲದ ನಡುವೆ ಆರು ಮೀಟರ್ ಅಗಲದ ಪಟ್ಟಿಗೆ ಏನೂ ಹಾಕಬೇಡಿ. ಮನೆಯವರು ಬೈಯುತ್ತಾರೆ, ಬೈಯಲಿ. ಪಕ್ಕದ ಪಟ್ಟಿಗೆ ಗೊಬ್ಬರ ಮಾತ್ರ. ಅದರ ಪಕ್ಕಕ್ಕೆ ಗೊಬ್ಬರ, ಹಿಂಡಿ ಎರಡೂ.

ಕೊಯ್ಲಿನ ದಿನ ಪ್ರತಿ ಪಟ್ಟಿಯ ನಡುವೆ 5 ಮೀಟರ್ ಉದ್ದ, 5 ಮೀಟರ್ ಅಗಲ ಹಗ್ಗ ಕಟ್ಟಿ. ಅಷ್ಟನ್ನೇ ಬೇರೆ ಕೊಯ್ದು, ಬಡಿದು, ತೂರಿ, ಒಣಗಿಸಿ ತೂಗಿ. ಬಂದ ಕೆಜಿಯನ್ನು 162ರಿಂದ ಗುಣಿಸಿದರೆ ಎಕರೆಯ ಇಳುವರಿ. ಖಾಲಿ ಪಟ್ಟಿಯಲ್ಲಿ 3 ಕೆಜಿ ಬಂದರೆ ಎಕರೆಗೆ 486 ಕೆಜಿ. ಗೊಬ್ಬರ, ಹಿಂಡಿ ಹಾಕಿದ್ದರಲ್ಲಿ 5 ಕೆಜಿ ಬಂದರೆ 810. ವ್ಯತ್ಯಾಸ 324 ಕೆಜಿ ರಾಗಿ. ಅದರ ಬೆಲೆಯನ್ನು ಗೊಬ್ಬರ, ಹಿಂಡಿ, ಕೂಲಿಯ ಖರ್ಚಿನ ಪಕ್ಕ ಇಟ್ಟು ನೋಡಿ. ಮೊದಲ ವರ್ಷ ಮನಸ್ಸಿಗೆ ಬೇಜಾರಾಗಬಹುದು. ಆದರೆ ತಿಪ್ಪೆಗೊಬ್ಬರದ ಬಹುಪಾಲು ಇನ್ನೂ ಮಣ್ಣಿನಲ್ಲೇ ಇದೆ ಅನ್ನುವುದನ್ನು ಮರೆಯಬೇಡಿ. ಅದೇ ಪಟ್ಟಿಗಳನ್ನು ಗೂಟ ಹೊಡೆದು ಗುರುತಿಟ್ಟು ಮೂರು ವರ್ಷ ತೂಗಿ.

ನಾನು ಹಾಗೇ ಮಾಡಿದೆ. ಮೂರನೇ ವರ್ಷ ಹಿಂಡಿಯನ್ನು 150ರಿಂದ 100 ಕೆಜಿಗೆ ಇಳಿಸಿದೆ, ತೂಕ ಇಳಿಯಲಿಲ್ಲ. ಧೈರ್ಯ ಬಂದು ನಾಲ್ಕನೇ ವರ್ಷ 50ಕ್ಕೆ ಇಳಿಸಿದೆ, ಹಗ್ಗದ ಚೌಕದಲ್ಲಿ ಮುಕ್ಕಾಲು ಕೆಜಿ ಕಮ್ಮಿಯಾಯಿತು. ಈಗ ನೂರಕ್ಕೇ ನಿಂತಿದ್ದೇನೆ.